ಮಹಾಪಧಮನಿಯ ಉಬ್ಬು ಮತ್ತು ಗಂಡು ಹಾರ್ಮೋನು



ಕಾಫಿಗೆ, ಅಡಿಕೆಗೆ ತಗಲುವ ರೋಗಗಳ ಬಗ್ಗೆ ಈ ಪುಟಗಳಲ್ಲಿ ಬರೆಯುತ್ತಲೇ ಇರುತ್ತೇವೆ. ಈ ಸಲ ಬೆಳೆಗಾರನಿಗೇ ತಗಲುವ ಒಂದು ರೋಗದ ವಿಚಾರ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಸದಸ್ಯರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇವೆ. ಅರವತ್ತು ದಾಟಿದ ಮೇಲೂ ತೋಟದ ಕೆಲಸ ಬಿಡದ ಗಂಡಸರು, ಅದರಲ್ಲೂ ಬೀಡಿ ಸಿಗರೇಟು ಸೇದುವವರು ಅಥವಾ ಹಿಂದೆ ಸೇದುತ್ತಿದ್ದವರು, ಇದನ್ನು ದಯವಿಟ್ಟು ಪೂರ್ತಿ ಓದಬೇಕು.

ಹೃದಯದಿಂದ ಹೊರಟು ಎದೆ, ಹೊಟ್ಟೆಗಳ ಮೂಲಕ ಕೆಳಗಿಳಿಯುವ ದೊಡ್ಡ ರಕ್ತನಾಳಕ್ಕೆ ಮಹಾಪಧಮನಿ ಎಂದು ಹೆಸರು. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸಾಮಾನ್ಯವಾಗಿ ಸುಮಾರು 2 ಸೆಂಟಿಮೀಟರ್. ವಯಸ್ಸಾದಂತೆ ಕೆಲವರಲ್ಲಿ ಈ ನಾಳದ ಗೋಡೆ ಒಂದು ಕಡೆ ದುರ್ಬಲವಾಗಿ ಹೊರಕ್ಕೆ ಉಬ್ಬತೊಡಗುತ್ತದೆ. ಅಗಲ 3 ಸೆಂಟಿಮೀಟರ್ ಮುಟ್ಟಿತೆಂದರೆ ವೈದ್ಯರು ಅದನ್ನು ಅನ್ಯೂರಿಸಂ ಎಂದು ಕರೆಯುತ್ತಾರೆ. ನಾವು ಉಬ್ಬು ಎನ್ನೋಣ.

ಪಂಪ್‌ಸೆಟ್ಟಿಗೆ ಹಾಕಿದ ಹಳೆಯ ರಬ್ಬರ್ ಪೈಪು ಬಿಸಿಲಿಗೆ ಸೋತು ಒಂದು ಕಡೆ ಬುಗ್ಗೆ ಕಟ್ಟುವುದನ್ನು ಎಲ್ಲರೂ ನೋಡಿದ್ದೀರಿ. ಮೋಟಾರು ಹೊಸದಲ್ಲ, ನೀರಿನ ಒತ್ತಡವೂ ಹೆಚ್ಚಿಲ್ಲ, ಆದರೂ ಬುಗ್ಗೆ ದಿನದಿನಕ್ಕೆ ದೊಡ್ಡದಾಗುತ್ತದೆ. ಕಾರಣ ಸರಳ. ಒಳಗಿನ ಒತ್ತಡ ಅಷ್ಟೇ ಇದ್ದರೂ ಕೊಳವೆಯ ಅಗಲ ಎರಡರಷ್ಟಾದರೆ ಗೋಡೆಯ ಮೇಲಿನ ಎಳೆತವೂ ಎರಡರಷ್ಟಾಗುತ್ತದೆ. ಗೋಡೆಯೋ ಹಿಗ್ಗಿ ತೆಳ್ಳಗಾಗಿರುತ್ತದೆ. ಉಬ್ಬಿದ್ದು ಇನ್ನಷ್ಟು ಉಬ್ಬಲು ಇಷ್ಟು ಸಾಕು. ಪೈಪು ಒಡೆದರೆ ಒಂದು ದಿನದ ನೀರು ಹೋಯಿತು. ಮಹಾಪಧಮನಿ ಒಡೆದರೆ ಹತ್ತರಲ್ಲಿ ಸುಮಾರು ಎಂಟು ಮಂದಿ ಬದುಕುವುದಿಲ್ಲ, ಅವರಲ್ಲಿ ಅನೇಕರು ಆಸ್ಪತ್ರೆಯನ್ನೇ ತಲುಪುವುದಿಲ್ಲ. ವಿಜ್ಞಾನಿ ಐನ್‌ಸ್ಟೈನ್ 1955ರ ಏಪ್ರಿಲ್‌ನಲ್ಲಿ ತೀರಿಕೊಂಡದ್ದು ಇದರಿಂದಲೇ. 1948ರಲ್ಲಿಯೇ ಶಸ್ತ್ರಚಿಕಿತ್ಸಕರು ಅವರ ಉಬ್ಬಿಗೆ ಸೆಲ್ಲೋಫೇನ್ ಹಾಳೆ ಸುತ್ತಿದ್ದರು. ಆ ಕಾಲಕ್ಕೆ ಗೊತ್ತಿದ್ದ ಉಪಾಯ ಅದು.

ಈ ರೋಗದಲ್ಲಿ ವಿಜ್ಞಾನಿಗಳ ಗಮನವನ್ನು ಬಹಳ ಹಿಂದಿನಿಂದಲೂ ಸೆಳೆದ ಸಂಗತಿಯೊಂದಿದೆ. ಹೆಂಗಸರಿಗಿಂತ ಗಂಡಸರಲ್ಲಿ ಇದು ನಾಲ್ಕರಿಂದ ಆರು ಪಟ್ಟು ಹೆಚ್ಚು. ಹೆಂಗಸರಿಗೆ ಬಂದರೂ ಸುಮಾರು ಹತ್ತು ವರ್ಷ ತಡವಾಗಿ ಬರುತ್ತದೆ. (ಬಂದ ಮೇಲೆ ಅದೇ ಗಾತ್ರದ ಉಬ್ಬು ಹೆಂಗಸರಲ್ಲಿ ಬೇಗ ಒಡೆಯುತ್ತದೆ, ಆದುದರಿಂದ ಮನೆಯವರನ್ನು ಮರೆಯಬಾರದು.) ಗಂಡಸರು ಹೆಚ್ಚು ಸೇದುತ್ತಾರೆ ಎಂಬುದು ಒಂದು ಉತ್ತರ, ಆದರೆ ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಅದೊಂದೇ ಸಾಲದು. ಹಾಗಾದರೆ ವೃಷಣಗಳಲ್ಲಿ ತಯಾರಾಗುವ ಗಂಡು ಹಾರ್ಮೋನು ಟೆಸ್ಟೋಸ್ಟಿರೋನ್ ನಾಳದ ಗೋಡೆಯನ್ನು ಕೆಡಿಸುತ್ತದೆಯೇ? ಹೆಣ್ಣು ಹಾರ್ಮೋನು ಈಸ್ಟ್ರೋಜನ್ ಅದನ್ನು ಕಾಯುತ್ತದೆಯೇ?

ಇಲಿಗಳನ್ನು ಕೇಳಿದರೆ ಹೌದು ಎನ್ನುತ್ತವೆ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳಿಗೆ ಆಂಜಿಯೋಟೆನ್ಸಿನ್ ಎಂಬ, ರಕ್ತದೊತ್ತಡ ಏರಿಸುವ ವಸ್ತುವನ್ನು ಕೊಟ್ಟು ಉಬ್ಬು ಬರಿಸಿದರು. ಗಂಡಿಲಿಗಳಲ್ಲಿ ಹೆಣ್ಣಿಲಿಗಳಿಗಿಂತ ಬಹಳ ಹೆಚ್ಚಾಗಿ ಬಂತು. ಗಂಡಿಲಿಗಳ ಬೀಜ ತೆಗೆದು ನೋಡಿದಾಗ ಪ್ರಮಾಣ ಹೆಣ್ಣಿಲಿಗಳ ಮಟ್ಟಕ್ಕೆ ಇಳಿಯಿತು. ಆಮೇಲಿನ ಪ್ರಯೋಗಗಳಲ್ಲಿ ಬೀಜ ತೆಗೆದ ಇಲಿಗಳಿಗೆ ಟೆಸ್ಟೋಸ್ಟಿರೋನ್ ಕೊಟ್ಟರೆ ಉಬ್ಬು ಮತ್ತೆ ಹೆಚ್ಚಿತು. ಆಂಜಿಯೋಟೆನ್ಸಿನ್ ಬಂದು ಹಿಡಿದುಕೊಳ್ಳುವ ತಾಣಗಳನ್ನು ಈ ಹಾರ್ಮೋನು ಹೊಟ್ಟೆಯ ಮಹಾಪಧಮನಿಯಲ್ಲಿ ಹೆಚ್ಚಿಸುತ್ತದೆ ಎಂದೂ ಅವರು ತೋರಿಸಿದರು.

ಮನುಷ್ಯರ ವಿಷಯಕ್ಕೆ ಬಂದಾಗ ಲೆಕ್ಕ ತಿರುಗುಮುರುಗಾಯಿತು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಎಪ್ಪತ್ತು ದಾಟಿದ ಸುಮಾರು 3,600 ಗಂಡಸರ ಹೊಟ್ಟೆಯ ಸ್ಕ್ಯಾನ್ ಮತ್ತು ರಕ್ತದ ಹಾರ್ಮೋನುಗಳನ್ನು ಹೋಲಿಸಿ ನೋಡಿದ ಅಧ್ಯಯನ 2010ರಲ್ಲಿ ಹೊರಬಂತು. ನೂರಕ್ಕೆ ಏಳು ಮಂದಿಯಲ್ಲಿ ಉಬ್ಬು ಇತ್ತು. ಅದು ಟೆಸ್ಟೋಸ್ಟಿರೋನ್ ಹೆಚ್ಚಿದ್ದವರಲ್ಲಿ ಇರಬೇಕಾಗಿತ್ತು. ಆದರೆ ಕಡಿಮೆ ಇದ್ದವರಲ್ಲಿಯೇ ಹೆಚ್ಚಾಗಿ ಕಂಡಿತು. ಅಂಥವರ ರಕ್ತದಲ್ಲಿ ಎಲ್.ಎಚ್. ಎಂಬ ಮತ್ತೊಂದು ಹಾರ್ಮೋನು ಏರಿತ್ತು. ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿಯು ವೃಷಣಗಳಿಗೆ ‘ಇನ್ನಷ್ಟು ತಯಾರಿಸು’ ಎಂದು ಕಳುಹಿಸುವ ಹುಕುಂ ಇದು. ನಮ್ಮ ಕೋಲಾರದ ಕಡೆಯ ಕೊಳವೆ ಬಾವಿಯಂತೆ: ಮೋಟಾರು ಹಗಲು ರಾತ್ರಿ ಓಡುತ್ತದೆ, ಬರುವ ನೀರು ಮಾತ್ರ ಬೆರಳು ಗಾತ್ರ.

ಇದರಿಂದ ಏನು ತಿಳಿಯಬೇಕು? ಅಡಿಕೆ ಬೆಳೆದವರಿಗೆ ಹೇಳಿಕೊಡಬೇಕಾದ್ದಿಲ್ಲ. ಮರದ ಸೋಗೆ ಹಳದಿಯಾಗಿದೆ, ಫಸಲೂ ಇಳಿದಿದೆ. ಹಳದಿಯಾದದ್ದರಿಂದ ಫಸಲು ಇಳಿಯಿತೋ, ಬೇರು ಕೆಟ್ಟು ಎರಡೂ ಆಯಿತೋ? ಎಲೆಗೆ ಹಸಿರು ಬಣ್ಣ ಬಳಿದರೆ ಮರ ಚೇತರಿಸಿಕೊಳ್ಳುವುದಿಲ್ಲ. ವಯಸ್ಸು, ಬೊಜ್ಜು, ದೀರ್ಘ ಕಾಯಿಲೆ ಇವು ಟೆಸ್ಟೋಸ್ಟಿರೋನನ್ನು ತಗ್ಗಿಸುತ್ತವೆ. ರಕ್ತನಾಳದ ಆರೋಗ್ಯವೂ ಅದರ ಜೊತೆಜೊತೆಗೇ ಕೆಡುತ್ತಿರಬಹುದು. ಪರ್ತ್ ಅಧ್ಯಯನ ಎರಡೂ ಒಟ್ಟಿಗೆ ಇವೆ ಎಂದು ತೋರಿಸಿತೇ ಹೊರತು ಒಂದರಿಂದ ಇನ್ನೊಂದು ಆಯಿತು ಎಂದು ತೋರಿಸಲಿಲ್ಲ. ಇಲಿಯ ಪ್ರಯೋಗವಾದರೋ ಕೆಲವು ವಾರಗಳಲ್ಲಿ ಬಲವಂತವಾಗಿ ಬರಿಸಿದ ಉಬ್ಬಿನದು. ಮನುಷ್ಯನಲ್ಲಿ ಅದು ಹತ್ತಾರು ವರ್ಷ ನಿಧಾನವಾಗಿ ಬೆಳೆಯುತ್ತದೆ.

ಇಷ್ಟು ವಿವರ ಬರೆಯಲು ಕಾರಣವಿದೆ. ‘ಗಂಡಸುತನ ಕಡಿಮೆಯಾಗಿದೆಯೇ?’ ಎಂದು ಕೇಳುವ ಗೋಡೆ ಬರಹಗಳು ಬಸ್ ನಿಲ್ದಾಣಗಳಲ್ಲಿ ಇದ್ದೇ ಇವೆ. ಲೇಹ್ಯ, ಪುಡಿಗಳ ಜೊತೆಗೆ ಈಗ ಟೆಸ್ಟೋಸ್ಟಿರೋನ್ ಇಂಜೆಕ್ಷನ್ನಿನ ಮಾತೂ ಸೇರಿದೆ. ‘ಹಾರ್ಮೋನು ಕಡಿಮೆ ಇದ್ದವರಿಗೇ ನಾಳ ಉಬ್ಬುತ್ತದಂತೆ, ಅದಕ್ಕೇ ಇಂಜೆಕ್ಷನ್ ತೆಗೆದುಕೊಳ್ಳಿ’ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಹೊರಗಿನಿಂದ ಟೆಸ್ಟೋಸ್ಟಿರೋನ್ ಸುರಿದರೆ ಉಬ್ಬು ಬರುವುದು ತಪ್ಪುತ್ತದೆ ಎಂದು ಯಾವ ಪರೀಕ್ಷೆಯೂ ತೋರಿಸಿಲ್ಲ. ನಿಜವಾಗಿ ಕೊರತೆ ಇದ್ದು ಹೃದ್ರೋಗದ ಭಯವೂ ಇದ್ದ ಐದು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2023ರಲ್ಲಿ ಬಂದಿದೆ. ಹೃದಯಾಘಾತ, ಪಾರ್ಶ್ವವಾಯುಗಳು ಹೆಚ್ಚಲಿಲ್ಲ ಎಂಬುದು ಸಮಾಧಾನ. ಆದರೆ ಹೃದಯದ ಬಡಿತ ತಪ್ಪುವುದು, ಶ್ವಾಸಕೋಶದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಮೂತ್ರಪಿಂಡಕ್ಕೆ ತೊಂದರೆ ಇವು ಔಷಧಿ ಪಡೆದವರಲ್ಲಿ ಹೆಚ್ಚಾಗಿ ಕಂಡವು. ವೈದ್ಯರ ಕೈಯಲ್ಲಿ, ಕೊರತೆ ಖಚಿತವಾದವರಿಗೆ ಮಾತ್ರ ಸಲ್ಲುವ ಮದ್ದು ಅದು. ಹಾಗೆಯೇ ಪ್ರಾಸ್ಟೇಟ್ ಕ್ಯಾನ್ಸರಿಗೆಂದು ಟೆಸ್ಟೋಸ್ಟಿರೋನ್ ತಗ್ಗಿಸುವ ಚಿಕಿತ್ಸೆಯಲ್ಲಿ ಇರುವವರು ಈ ಲೇಖನ ಓದಿ ಹೆದರಿ ಔಷಧಿ ನಿಲ್ಲಿಸಬಾರದು.

ಹಾರ್ಮೋನಿನ ವಾದ ಬಗೆಹರಿಯಲು ಇನ್ನೂ ಕಾಲ ಬೇಕು. ಹೊಗೆಯ ವಿಷಯದಲ್ಲಿ ವಾದವೇ ಇಲ್ಲ. ಉಬ್ಬು ಕಂಡುಬಂದವರಲ್ಲಿ ಬಹುಪಾಲು ಜನ ಸೇದುವವರು ಅಥವಾ ಹಿಂದೆ ಸೇದಿದವರು. ಬೀಡಿ ಚಿಕ್ಕದು ಎಂಬ ಸಮಾಧಾನ ಬೇಡ, ಹೊಗೆ ಹೊಗೆಯೇ. ನಂತರದ ಸ್ಥಾನ ವಯಸ್ಸು, ರಕ್ತದೊತ್ತಡ ಮತ್ತು ವಂಶದ್ದು: ತಂದೆಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ಎಚ್ಚರ ಹೆಚ್ಚಿರಬೇಕು. ವಿಚಿತ್ರವೆಂದರೆ ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಉಬ್ಬು ಕಡಿಮೆ. ಹಾಗೆಂದು ಸಕ್ಕರೆ ಕಾಯಿಲೆಯನ್ನು ಯಾರೂ ಬಯಸಿ ಪಡೆಯಬೇಕಾಗಿಲ್ಲ.

ಉಬ್ಬು ಒಡೆಯುವವರೆಗೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಕಂಡುಹಿಡಿಯಲು ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಸಾಕು. ಸೂಜಿ ಇಲ್ಲ, ಕತ್ತರಿ ಇಲ್ಲ, ಕೆಲವೇ ನಿಮಿಷಗಳ ಕೆಲಸ. ಸ್ಕ್ಯಾನಿಂಗ್ ಎಂದರೆ ಬಸುರಿಯರಿಗೆ ಎಂದು ನಾಚುವ ಹಿರಿಯರಿದ್ದಾರೆ, ಆ ಸಂಕೋಚ ಬಿಡಬೇಕು. ಬ್ರಿಟನ್ನಿನಲ್ಲಿ ಸುಮಾರು 67,800 ಗಂಡಸರ ಮೇಲೆ ನಡೆಸಿದ ಪರೀಕ್ಷೆ 2002ರಲ್ಲಿ ಪ್ರಕಟವಾಯಿತು. ಸ್ಕ್ಯಾನಿಗೆ ಕರೆದ ಗುಂಪಿನಲ್ಲಿ ಈ ರೋಗದ ಸಾವು ನಾಲ್ಕು ವರ್ಷಗಳಲ್ಲಿ ನೂರಕ್ಕೆ 42ರಷ್ಟು ಇಳಿದಿತ್ತು. ಈಗ ಅಲ್ಲಿ ಗಂಡಸರಿಗೆ 65 ತುಂಬುವ ವರ್ಷ ಸರ್ಕಾರವೇ ಪತ್ರ ಬರೆದು ಕರೆಯುತ್ತದೆ. ಅಮೆರಿಕದಲ್ಲಿ 65ರಿಂದ 75ರೊಳಗಿನ, ಎಂದಾದರೂ ಸೇದಿದ ಗಂಡಸರಿಗೆ ಒಂದು ಸಲ ಸ್ಕ್ಯಾನ್ ಮಾಡಿಸಲು ಸಲಹೆ ಇದೆ. ನಮಗೆ ಅಂಥ ಪತ್ರ ಬರುವುದಿಲ್ಲ, ನಾವೇ ಹೋಗಿ ಕೇಳಬೇಕು. ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೋ ಟಮಕದ ಜಾಲಪ್ಪ ಆಸ್ಪತ್ರೆಗೋ ಬೇರೆ ಕಾರಣಕ್ಕೆ ಹೋದಾಗಲೂ ‘ಮಹಾಪಧಮನಿಯ ಅಗಲ ಎಷ್ಟಿದೆ ನೋಡಿ ಬರೆಯಿರಿ ಸಾರ್’ ಎಂದು ಕೇಳಿದರೆ ತಪ್ಪಿಲ್ಲ.

ಉಬ್ಬು ಇದೆ ಎಂದ ಮಾತ್ರಕ್ಕೆ ಆಪರೇಷನ್ ಎಂದಲ್ಲ. ಚಿಕ್ಕದಿದ್ದರೆ ವರ್ಷಕ್ಕೊಮ್ಮೆ, 4.5 ಸೆಂಟಿಮೀಟರ್ ದಾಟಿದರೆ ಮೂರು ತಿಂಗಳಿಗೊಮ್ಮೆ ಅಳೆಯುವುದು ಬ್ರಿಟನ್ನಿನ ಪದ್ಧತಿ. ಗಂಡಸರಲ್ಲಿ 5.5 ಮುಟ್ಟಿದಾಗ ದುರಸ್ತಿಯ ಮಾತು ಬರುತ್ತದೆ. ಹೊಟ್ಟೆ ತೆರೆದು ಕೃತಕ ನಾಳ ಹೊಲಿಯುವುದು ಒಂದು ಬಗೆ. ತೊಡೆಸಂದಿಯ ನಾಳದ ಮೂಲಕ ಮಡಿಸಿದ ಕೊಳವೆಯನ್ನು ಒಳಕ್ಕೆ ಕಳುಹಿಸಿ ಅಲ್ಲಿ ಬಿಡಿಸುವುದು ಇನ್ನೊಂದು. ಇವಕ್ಕೆ ಬೆಂಗಳೂರಿನ ಜಯದೇವದಂಥ ಆಸ್ಪತ್ರೆಗೇ ಹೋಗಬೇಕು. ದಿನ ನೋಡಿ, ದುಡ್ಡು ಹೊಂದಿಸಿಕೊಂಡು ಹೋಗುವುದಕ್ಕೂ, ಒಡೆದ ಮೇಲೆ ಮುಳಬಾಗಿಲಿನಿಂದ ನೂರು ಕಿಲೋಮೀಟರಿನಷ್ಟು ದೂರ ಆಂಬ್ಯುಲೆನ್ಸಿನಲ್ಲಿ ಓಡುವುದಕ್ಕೂ ಇರುವ ಅಂತರ ನಿಮಗೇ ತಿಳಿದಿದೆ.

ಒಂದು ಲಕ್ಷಣವನ್ನು ಮಾತ್ರ ಮನೆಯವರೆಲ್ಲರೂ ನೆನಪಿಡಬೇಕು. ಗಡಸು ನೀರಿನ ನಮ್ಮ ಸೀಮೆಯಲ್ಲಿ ಸೊಂಟದ ಪಕ್ಕ ನೋವೆಂದರೆ ‘ಕಲ್ಲು ಇರಬೇಕು’ ಎಂದು ಮಾತ್ರೆ ನುಂಗಿ ಮಲಗುವುದು ವಾಡಿಕೆ. ಒಡೆಯುತ್ತಿರುವ ಉಬ್ಬಿನ ನೋವನ್ನು ವೈದ್ಯರೇ ಕೆಲವೊಮ್ಮೆ ಮೂತ್ರಪಿಂಡದ ಕಲ್ಲೆಂದು ತಿಳಿದುಬಿಡುವುದುಂಟು. ಅರವತ್ತು ದಾಟಿದ, ಸೇದುವ ಗಂಡಸಿಗೆ ಹಿಂದೆಂದೂ ಇಲ್ಲದ ಹೊಟ್ಟೆ ಅಥವಾ ಬೆನ್ನು ನೋವು ಇದ್ದಕ್ಕಿದ್ದಂತೆ ಬಂದು, ಬೆವರು, ತಲೆಸುತ್ತು ಜೊತೆಗೂಡಿದರೆ 108ಕ್ಕೆ ಫೋನು ಮಾಡಿ, ‘ಮಹಾಪಧಮನಿಯ ಉಬ್ಬು ಇರಬಹುದೇ?’ ಎಂದು ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಕೇಳಿರಿ.