ಕರು ಹಾಕಿದ ಹಸು ಏಳದಿದ್ದರೆ: ಮೂಳೆಯೊಳಗಿನ ಲೆಕ್ಕಾಚಾರ



ಮೂಳೆ ಎಂದರೆ ಒಣ ಕಟ್ಟಿಗೆಯಂತೆ ಜೀವವಿಲ್ಲದ ವಸ್ತು ಎಂದುಕೊಳ್ಳಬೇಡಿ. ಅದರೊಳಗೂ ರಕ್ತ ಹರಿಯುತ್ತದೆ. ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸಿದರೆ, ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತವೆ. ಹಸು ಬದುಕಿರುವವರೆಗೂ ಈ ಕೆಲಸ ನಿಲ್ಲುವುದಿಲ್ಲ.

ಕರುವಿನಲ್ಲಿ ಕಟ್ಟುವ ಕೆಲಸವೇ ಹೆಚ್ಚು. ಉದ್ದ ಮೂಳೆಗಳ ತುದಿಯಲ್ಲಿರುವ ಮೆದು ಮೂಳೆ ಬೆಳೆದು, ಅದಕ್ಕೆ ಕ್ಯಾಲ್ಸಿಯಂ ಮತ್ತು ರಂಜಕ ಸೇರಿ ಗಟ್ಟಿಯಾಗುತ್ತದೆ. ಈ ಖನಿಜಗಳಾಗಲಿ, ಬಿಸಿಲಿನಿಂದ ಸಿಗುವ 'ಡಿ' ಜೀವಸತ್ವವಾಗಲಿ ಸಾಲದಿದ್ದರೆ ಕೀಲುಗಳು ಊದಿ, ಕಾಲು ಸೊಟ್ಟಗಾಗುತ್ತದೆ. ಆದ್ದರಿಂದ ಕರುವನ್ನು ದಿನವಿಡೀ ಕತ್ತಲೆ ಕೊಟ್ಟಿಗೆಯಲ್ಲಿ ಕಟ್ಟಬೇಡಿ.

ಮೂಳೆಯೇ ಉಳಿತಾಯ ಖಾತೆ

ಹಸುವಿನ ಮೈಯಲ್ಲಿರುವ ಕ್ಯಾಲ್ಸಿಯಂನಲ್ಲಿ ಶೇ. 98ರಷ್ಟು ಮೂಳೆ, ಹಲ್ಲುಗಳಲ್ಲೇ ಇದೆ. ರಕ್ತದಲ್ಲಿರುವುದು ಕೆಲವೇ ಗ್ರಾಂ. ಆದರೆ ಒಂದು ಲೀಟರ್ ಗಿಣ್ಣು ಹಾಲಿನಲ್ಲಿ ಸುಮಾರು 2 ಗ್ರಾಂ ಹೋಗುತ್ತದೆ. 10 ಲೀಟರ್ ಕರೆದರೆ 20 ಗ್ರಾಂ! ಇಷ್ಟೂ ಮೇವಿನಿಂದ ಅಥವಾ ಮೂಳೆಯಿಂದ ಬರಬೇಕು. ಸ್ವಸಹಾಯ ಸಂಘದಲ್ಲಿ ನಿಮ್ಮ ಉಳಿತಾಯವಿದ್ದರೂ ಬೇಕೆಂದ ಗಳಿಗೆಗೆ ಕೈಗೆ ಸಿಗುವುದಿಲ್ಲ, ಅಲ್ಲವೇ? ಹಾಗೆಯೇ ಮೂಳೆಯಿಂದ ಸಾಕಷ್ಟು ಕ್ಯಾಲ್ಸಿಯಂ ಹೊರಬರಲು ಒಂದೆರಡು ದಿನ ಹಿಡಿಯುತ್ತದೆ. ಈ ನಡುವಿನ ಕೊರತೆಯೇ ಹಾಲು ಜ್ವರ. ಹೆಚ್ಚು ಹಾಲು ಕೊಡುವ, ಮೂರನೇ ಕರುವಿನ ನಂತರದ ಹಸುಗಳಲ್ಲಿ ಇದು ಹೆಚ್ಚು.

ಗುರುತಿಸುವುದು ಹೇಗೆ?

ಕರು ಹಾಕಿದ ಮೂರು ದಿನಗಳೊಳಗೆ ಹಸು ತಡವರಿಸಿ ನಡೆಯುತ್ತದೆ, ಮೇವು ಬಿಡುತ್ತದೆ, ಕಿವಿ ತಣ್ಣಗಾಗುತ್ತದೆ. ಕೊನೆಗೆ ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿಬಿಡುತ್ತದೆ. ಹೆಸರಿಗೆ ಜ್ವರವಾದರೂ ಮೈ ಬಿಸಿ ಇರುವುದಿಲ್ಲ. ಬೆಳಗಾಗಲಿ ಎಂದು ಕಾಯಬೇಡಿ. ಕೆಲವೇ ಗಂಟೆಗಳಲ್ಲಿ ಹಸು ಸಾಯಬಹುದು.

- ಕೂಡಲೇ ಪಶುವೈದ್ಯರನ್ನು ಕರೆಸಿ. ರಕ್ತನಾಳಕ್ಕೆ ಕ್ಯಾಲ್ಸಿಯಂ ಅನ್ನು ಹೃದಯದ ಬಡಿತ ನೋಡಿಕೊಂಡು ನಿಧಾನವಾಗಿ ಕೊಡಬೇಕು. ಅವಸರ ಮಾಡಿದರೆ ಹೃದಯವೇ ನಿಲ್ಲಬಹುದು.
- ಅಲ್ಲಿಯವರೆಗೆ ಹುಲ್ಲು ತುಂಬಿದ ಚೀಲಗಳನ್ನು ಆನಿಸಿ, ಎದೆಯ ಮೇಲೆ ಕೂರುವಂತೆ ಮಾಡಿ. ಒಂದೇ ಮಗ್ಗುಲಿಗೆ ಮಲಗಿದರೆ ಹೊಟ್ಟೆ ಉಬ್ಬರಿಸುತ್ತದೆ.
- ಗೊಟ್ಟದಲ್ಲಿ ಏನನ್ನೂ ಕುಡಿಸಬೇಡಿ. ನುಂಗುವ ಶಕ್ತಿ ಕುಂದಿರುವುದರಿಂದ ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ಬಾರದಂತೆ ತಡೆಯಲು

ಕರು ಹಾಕುವ ಮುಂಚಿನ ಮೂರು ವಾರ ಕ್ಯಾಲ್ಸಿಯಂ ದ್ರಾವಣ ಕುಡಿಸುವುದು ಒಳ್ಳೆಯದೆಂದು ಹಲವರು ನಂಬಿದ್ದಾರೆ. ಆದರೆ ಹೊರಗಿನಿಂದ ಧಾರಾಳವಾಗಿ ಸಿಕ್ಕರೆ ಮೂಳೆಯಿಂದ ತೆಗೆಯುವ ಗ್ರಂಥಿ ಸೋಮಾರಿಯಾಗುತ್ತದೆ, ಬೇಕಾದಾಗ ಏಳುವುದಿಲ್ಲ. ದ್ರಾವಣವನ್ನು ಕರು ಹಾಕಿದ ಮೇಲೆ, ಹಸು ಎದ್ದು ನಿಂತಿರುವಾಗ ವೈದ್ಯರ ಸಲಹೆಯಂತೆ ಕೊಡಿ.

ಹಾಲು ಕೊಡುವ ಹಸುವಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣವನ್ನು ಪಶು ಆಹಾರದಲ್ಲಿ ಬೆರೆಸಿ. ಭತ್ತದ ಹುಲ್ಲೊಂದನ್ನೇ ನೆಚ್ಚಬೇಡಿ. ಹಸು ಮೂಳೆ, ಬಟ್ಟೆ ಅಗಿಯುತ್ತಿದ್ದರೆ ಅದು ಚಪಲವಲ್ಲ, ಹೆಚ್ಚಾಗಿ ರಂಜಕದ ಕೊರತೆ. ಕರು ಹಾಕುವ 60 ದಿನ ಮೊದಲು ಹಾಲು ಬತ್ತಿಸಿ. ಹಾಲಿಗಾಗಿ ಕರಗಿದ ಮೂಳೆ ಮತ್ತೆ ತುಂಬಿಕೊಳ್ಳಲು ಹಸುವಿಗೂ ಬಿಡುವು ಬೇಕು.