ಬರಿದಾದ ಸಿಂಹಾಸನ: ವಿಕ್ಟೋರಿಯಾ ಯುಗದ ವ್ಯಂಗ್ಯಚಿತ್ರ ಮತ್ತು ರಂಗಭೂಮಿ

1843ರ ರಂಗಭೂಮಿ ಶಾಸನದಂತೆ ಬ್ರಿಟನ್ನಿನಲ್ಲಿ ಹೊಸ ನಾಟಕವೊಂದನ್ನು ಆಡಬೇಕಾದರೆ ಅದರ ಹಸ್ತಪ್ರತಿಯನ್ನು ಅರಮನೆಯ ಉನ್ನತಾಧಿಕಾರಿಯಾದ ಲಾರ್ಡ್ ಚೇಂಬರ್ಲೇನನಿಗೆ ಮುಂಚಿತವಾಗಿ ಒಪ್ಪಿಸಿ ಅನುಮತಿ ಪಡೆಯಬೇಕಾಗಿತ್ತು. ಆಳುವ ರಾಣಿಯನ್ನು ರಂಗದ ಮೇಲೆ ಅಣಕಿಸುವ ಮಾತಂತೂ ದೂರವೇ ಉಳಿಯಿತು. ಆದರೆ ಅಚ್ಚಿನ ಹಾಳೆಗೆ ಇಂತಹ ಪೂರ್ವಪರಿಶೀಲನೆ ಇರಲಿಲ್ಲ. ನಟನು ನುಡಿಯಲಾಗದುದನ್ನು ಚಿತ್ರಕಾರನು ಗೆರೆಯಲ್ಲಿ ನುಡಿದನು.

1861ರ ಡಿಸೆಂಬರಿನಲ್ಲಿ ಪತಿ ಆಲ್ಬರ್ಟನು ತೀರಿಕೊಂಡ ಬಳಿಕ ವಿಕ್ಟೋರಿಯಾ ರಾಣಿಯು ಸಾರ್ವಜನಿಕ ಜೀವನದಿಂದ ಬಹುಮಟ್ಟಿಗೆ ಹಿಂದೆ ಸರಿದಳು. ವರ್ಷಗಳು ಕಳೆದರೂ ಶೋಕ ಮುಗಿಯಲಿಲ್ಲ. ಪ್ರಜೆಗಳ ಗೌರವ ಅಸಮಾಧಾನವಾಗಿ ತಿರುಗಿತು. 1864ರಲ್ಲಿ ಯಾರೋ ಕುಚೋದ್ಯಗಾರರು ಬಕಿಂಗ್‌ಹ್ಯಾಮ್ ಅರಮನೆಗೆ, ಹಿಂದಿನ ನಿವಾಸಿಯ ವ್ಯಾಪಾರ ಇಳಿಮುಖವಾದ ಕಾರಣ ಈ ಕಟ್ಟಡ ಬಾಡಿಗೆಗೆ ಅಥವಾ ಮಾರಾಟಕ್ಕಿದೆ ಎಂಬರ್ಥದ ಭಿತ್ತಿಪತ್ರವನ್ನೇ ಅಂಟಿಸಿದ್ದರು.

ಈ ಅಸಮಾಧಾನಕ್ಕೆ ರೂಪ ಕೊಟ್ಟದ್ದು 1867ರಲ್ಲಿ ಹುಟ್ಟಿದ ‘ಟೊಮಾಹಾಕ್’ ಎಂಬ ವಾರಪತ್ರಿಕೆ. ಅದರ ಚಿತ್ರಕಾರ ಮ್ಯಾಟ್ ಮಾರ್ಗನ್ ರಂಗಭೂಮಿಯ ಪರದೆಗಳನ್ನು ಬರೆದು ಪಳಗಿದವನು. ಆದುದರಿಂದಲೇ ಅವನ ಚಿತ್ರಗಳಿಗೆ ರಂಗದೃಶ್ಯದ ಗುಣವಿದೆ: ಪಾತ್ರಗಳು ಕೆಲವೇ, ಭಂಗಿ ದೊಡ್ಡದು, ದೂರದಿಂದಲೇ ಅರ್ಥ ತಿಳಿಯುತ್ತದೆ. ಒಂದರಲ್ಲಿ ಸಿಂಹಾಸನದ ಮೇಲೆ ರಾಜವಸ್ತ್ರ ಮಾತ್ರ ಹಾಸಿದೆ, ಕೂರಬೇಕಾದವಳು ಇಲ್ಲ. ಅದೇ ವರ್ಷದ ಆಗಸ್ಟಿನ ಇನ್ನೊಂದರಲ್ಲಿ ಆ ಬರಿದಾದ ಸಿಂಹಾಸನಕ್ಕೆ ಒರಗಿ ನಿಂತವನು ರಾಣಿಯ ಸ್ಕಾಟಿಷ್ ಸೇವಕ ಜಾನ್ ಬ್ರೌನ್. ಚಿತ್ರದ ಹೆಸರು ‘ಎ ಬ್ರೌನ್ ಸ್ಟಡಿ’. ಇಂಗ್ಲಿಷಿನಲ್ಲಿ ಈ ಮಾತಿಗೆ ಆಳವಾದ ಚಿಂತೆಯೆಂದು ಅರ್ಥ. ಸೇವಕನ ಹೆಸರೂ ಅದರಲ್ಲಿಯೇ ಅಡಗಿತ್ತು. ಸಿಂಹಾಸನ ಬರಿದಾಗಿದೆ ಎಂಬುದು ನ್ಯಾಯವಾದ ಟೀಕೆ. ಸೇವಕನನ್ನು ಅದರ ಪಕ್ಕಕ್ಕೆ ತಂದುದು ಮಾತ್ರ ವಿಧವೆಯೊಬ್ಬಳ ಚಾರಿತ್ರ್ಯದ ಮೇಲೆಯೇ ಬೆರಳು ತೋರಿಸಿದಂತಾಯಿತು. ವಿಡಂಬನೆ ಎಲ್ಲಿ ಮುಗಿದು ಅಪವಾದ ಎಲ್ಲಿ ಮೊದಲಾಗುತ್ತದೆ ಎಂಬ ಪ್ರಶ್ನೆ ಅಂದೇ ಎದ್ದಿತು.

ಯುವರಾಜನೂ ಪಾರಾಗಲಿಲ್ಲ. ದುಂದುಗಾರಿಕೆಗೆ ಹೆಸರಾದ ನಾಲ್ಕನೆಯ ಜಾರ್ಜನ ಪ್ರೇತವನ್ನು ಅವನು ಹ್ಯಾಮ್ಲೆಟ್ಟನಂತೆ ಹಿಂಬಾಲಿಸುವುದಾಗಿ ಮಾರ್ಗನ್ ಚಿತ್ರಿಸಿದನು. ನಾಟಕದಲ್ಲಿ ತಂದೆಯ ಪ್ರೇತ ಮಗನನ್ನು ಕರ್ತವ್ಯಕ್ಕೆ ಕರೆಯುತ್ತದೆ. ಇಲ್ಲಿ ಅಜ್ಜನ ಪೀಳಿಗೆಯ ಪ್ರೇತ ಭೋಗಕ್ಕೆ ಕರೆಯುತ್ತದೆ. ಮಾರ್ಗನ್ನನ ಚಿತ್ರಗಳಲ್ಲಿ ಇದಕ್ಕಿಂತ ಹರಿತವಾದುದು ವಿರಳ. 1870ರಲ್ಲಿ ಪತ್ರಿಕೆ ನಿಂತುಹೋಯಿತು, ಮಾರ್ಗನ್ ಅಮೆರಿಕಕ್ಕೆ ತೆರಳಿದನು.

ರಂಗಭೂಮಿಯೂ ಚಿತ್ರಕಾರನ ವಿದ್ಯೆಯನ್ನು ಎರವಲು ಪಡೆಯಲು ಯತ್ನಿಸಿತು. ಸ್ವತಃ ವ್ಯಂಗ್ಯಚಿತ್ರಕಾರನೂ ಆಗಿದ್ದ ಗಿಲ್ಬರ್ಟ್, ಜೊತೆಗಾರನೊಡನೆ ಬರೆದ ‘ದಿ ಹ್ಯಾಪಿ ಲ್ಯಾಂಡ್’ 1873ರ ಮಾರ್ಚಿನಲ್ಲಿ ಲಂಡನ್ನಿನ ಕೋರ್ಟ್ ಥಿಯೇಟರಿನಲ್ಲಿ ಪ್ರದರ್ಶನಗೊಂಡಿತು. ಮೂವರು ನಟರು ಪ್ರಧಾನಿ ಗ್ಲಾಡ್‌ಸ್ಟನ್ ಹಾಗೂ ಇಬ್ಬರು ಸಚಿವರಂತೆಯೇ ವೇಷ ಧರಿಸಿ ಬಂದರು. ಲಾರ್ಡ್ ಚೇಂಬರ್ಲೇನ್ ಪ್ರದರ್ಶನವನ್ನು ತಡೆದನು. ಬಳಿಕ ಆ ಮುಖವೇಷಗಳನ್ನು ತೆಗೆದ ಮೇಲೆಯೇ ಅದು ಮುಂದುವರಿಯಿತು. ಕಾಗದದ ಮೇಲೆ ಸಾಮಾನ್ಯವಾಗಿದ್ದುದು ರಂಗದಲ್ಲಿ ಅಪರಾಧವಾಗಿತ್ತು.

ಅಷ್ಟರಲ್ಲಿ ‘ವ್ಯಾನಿಟಿ ಫೇರ್’ ವಾರಪತ್ರಿಕೆ ಮೃದುವಾದ ದಾರಿ ಹಿಡಿದಿತ್ತು. 1869ರಿಂದ ಇಟಲಿಯ ಕಾರ್ಲೊ ಪೆಲ್ಲೆಗ್ರಿನಿ ಅದರಲ್ಲಿ ‘ಏಪ್’, ಅಂದರೆ ಕಪಿ, ಎಂಬ ಹೆಸರಿನಿಂದ ಬಣ್ಣದ ಚಿತ್ರಗಳನ್ನು ಬರೆದನು. 1873ರಲ್ಲಿ ಯುವರಾಜ, 1874ರಲ್ಲಿ ‘ದಿ ಬೆಲ್ಸ್’ ನಾಟಕದಿಂದ ಕೀರ್ತಿ ಪಡೆದ ನಟ ಹೆನ್ರಿ ಅರ್ವಿಂಗ್ ಒಂದೇ ಪತ್ರಿಕೆಯಲ್ಲಿ, ಒಂದೇ ಕೈಯಿಂದ ಚಿತ್ರಿತರಾದರು. ಅರಮನೆಯವನಿಗೂ ವೇಷಧಾರಿಗೂ ಅಲ್ಲಿ ಅಂತರವಿರಲಿಲ್ಲ. 1895ರಲ್ಲಿ ಅದೇ ಅರ್ವಿಂಗ್‌ಗೆ ರಾಣಿಯಿಂದ ‘ಸರ್’ ಪದವಿ ದೊರೆಯಿತು. ನಟನೊಬ್ಬನಿಗೆ ಅದು ಸಂದದ್ದು ಅದೇ ಮೊದಲು. ನಾಟಕಗಳ ಪೂರ್ವಪರಿಶೀಲನೆ ರದ್ದಾದದ್ದು ಮಾತ್ರ 1968ರಲ್ಲಿ.