ರೈಫಲ್ ಒಳ್ಳೆಯದೆಂದು ಹೇಳಬೇಕಾದವರು ಯಾರು?

ಹೈದರಾಬಾದಿನಲ್ಲಿ ರೈಫಲ್ ಇಟ್ಟುಕೊಂಡವರಲ್ಲಿ ಎರಡು ಬಗೆ. ಒಂದು, ಹಿರಿಯರಿಂದ ಬಂದ ಬೇಟೆಯ ರೈಫಲನ್ನೋ ಸ್ವರಕ್ಷಣೆಗೆಂದು ಕೊಂಡ .315 ರೈಫಲನ್ನೋ ಪರವಾನಗಿಯ ಮೇಲೆ ಬೀರುವಿನಲ್ಲಿಟ್ಟುಕೊಂಡ ಮನೆಗಳವರು. ಇನ್ನೊಂದು, ಗಚ್ಚಿಬೌಲಿಯ ಶೂಟಿಂಗ್ ರೇಂಜಿಗೆ ಉದ್ದನೆಯ ಪೆಟ್ಟಿಗೆ ಹೊತ್ತು ಬರುವ ಹುಡುಗ ಹುಡುಗಿಯರು ಮತ್ತು ಆ ಪೆಟ್ಟಿಗೆಗೆ ಹಣ ಹೊಂದಿಸಿದ ಅವರ ತಂದೆತಾಯಂದಿರು. ‘ನಿಮ್ಮ ರೈಫಲ್ ಹೇಗಿದೆ?’ ಎಂದು ಇಬ್ಬರನ್ನೂ ಕೇಳಿದರೆ ಸಿಗುವ ಉತ್ತರಗಳಿಗೆ ತಾಳಮೇಳವೇ ಇರುವುದಿಲ್ಲ. ಮೊದಲಿನವರದು ಸಾಮಾನ್ಯವಾಗಿ ತೃಪ್ತಿಯ ಮಾತು: ನಲವತ್ತು ವರ್ಷವಾಯಿತು, ಒಂದು ದಿನವೂ ಕೈಕೊಟ್ಟಿಲ್ಲ. ಎರಡನೆಯವರದು ದೂರುಗಳ ಸಾಲು: ಸೀಲ್ ಸೋರುತ್ತಿದೆ, ಮೊದಲ ಪೆಲೆಟ್ ಮೇಲಕ್ಕೆ ಹೋಗುತ್ತದೆ, ಹೊಸ ಡಬ್ಬಿಯ ಪೆಲೆಟ್ ಹೊಂದುತ್ತಿಲ್ಲ. ಹಳೆಯ ರೈಫಲೇ ಗಟ್ಟಿ, ಲಕ್ಷಗಟ್ಟಲೆ ಸುರಿದು ಜರ್ಮನಿಯಿಂದ ತರಿಸಿದ್ದು ಬರೀ ತಲೆನೋವು ಎಂದು ಕೇಳಿದವರಿಗೆ ಅನಿಸಿದರೆ ಆಶ್ಚರ್ಯವಿಲ್ಲ. ನನ್ನ ವಾದ ಇದಕ್ಕೆ ಪೂರಾ ವಿರುದ್ಧ. ರೈಫಲಿನ ಗುಣಮಟ್ಟದ ಪ್ರಶ್ನೆಯಲ್ಲಿ ನಂಬಬೇಕಾದದ್ದು ದೂರು ಹೇಳುವವರ ಮಾತನ್ನು. ಏಕೆಂದರೆ ರೈಫಲಿಗೆ ವಯಸ್ಸಾಗುವುದು ವರ್ಷದ ಲೆಕ್ಕದಲ್ಲಿ ಅಲ್ಲ, ಹಾರಿಸಿದ ಗುಂಡಿನ ಲೆಕ್ಕದಲ್ಲಿ.

ಇದನ್ನು ಅಂಕಿಗಳಲ್ಲೇ ನೋಡಬಹುದು. ಸರಾಸರಿ 20 ಗುಂಡಿಗೊಮ್ಮೆ ಕೈಕೊಡುವ ರೈಫಲ್ ಒಂದಿದೆ ಎಂದುಕೊಳ್ಳೋಣ. ಅದು ಕೆಟ್ಟ ರೈಫಲ್, ಅದರಲ್ಲಿ ಎರಡು ಮಾತಿಲ್ಲ. ಆದರೂ ಅದು ಸತತ 20 ಗುಂಡುಗಳನ್ನು ಒಂದೂ ತಪ್ಪದೆ ಹಾರಿಸಿಬಿಡುವ ಸಾಧ್ಯತೆ ನೂರಕ್ಕೆ ಸುಮಾರು 36. ಅಂದರೆ ಇಂಥ ಕೆಟ್ಟ ರೈಫಲುಗಳನ್ನು ಕೊಂಡು ಇಪ್ಪತ್ತೇ ಗುಂಡು ಹಾರಿಸಿದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ‘ನನ್ನದು ಎಂದೂ ಕೈಕೊಟ್ಟಿಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಬಳಿ ಸಾಕಷ್ಟು ಪುರಾವೆ ಇಲ್ಲ ಅಷ್ಟೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೊಂದು ಒರಟು ಸೂತ್ರವಿದೆ: ಒಂದೂ ವೈಫಲ್ಯವಿಲ್ಲದೆ ಹಾರಿಸಿದ ಗುಂಡುಗಳ ಸಂಖ್ಯೆಯಿಂದ 3ನ್ನು ಭಾಗಿಸಿದರೆ, ವೈಫಲ್ಯದ ಪ್ರಮಾಣ ಅದಕ್ಕಿಂತ ಹೆಚ್ಚಿರಲಾರದು ಎಂದು ನೂರಕ್ಕೆ 95ರಷ್ಟು ಭರವಸೆಯಿಂದ ಹೇಳಬಹುದು. ‘ಸಾವಿರಕ್ಕೆ ಒಂದಕ್ಕಿಂತ ಹೆಚ್ಚು ತಪ್ಪುವುದಿಲ್ಲ’ ಎನ್ನಬೇಕಾದರೆ 3,000 ಗುಂಡು ತೊಂದರೆಯಿಲ್ಲದೆ ಹಾರಿರಬೇಕು. ನಲವತ್ತು ವರ್ಷ ಬೀರುವಿನಲ್ಲಿದ್ದ ಎಷ್ಟು ರೈಫಲುಗಳು ಅಷ್ಟು ಗುಂಡು ಕಂಡಿವೆ?

ಬಹಳ ಕಡಿಮೆ, ಮತ್ತು ಅದಕ್ಕೆ ಮಾಲೀಕರನ್ನು ದೂರುವಂತಿಲ್ಲ. ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಾಗಿಲು ಹಾಕಿತು. ತೋಟಾ ಕೊಳ್ಳಲು ಪರವಾನಗಿಯಲ್ಲಿ ಬರೆದಷ್ಟೇ ಅವಕಾಶ. ಚುನಾವಣೆ ಘೋಷಣೆಯಾದರೆ ಬಂದೂಕು ಪೊಲೀಸ್ ಠಾಣೆಯ ಠೇವಣಿಗೆ ಹೋಗುತ್ತದೆ. ಹೋಲಿಸಿ ನೋಡಲು ಇನ್ನೊಂದು ರೈಫಲ್ ಕೂಡ ಇವರಲ್ಲಿ ಹೆಚ್ಚಿನವರ ಕೈಗೆ ಬಂದಿಲ್ಲ. .315ರ ಇತಿಹಾಸವೇ ಆಯ್ಕೆಯಿಲ್ಲದ ಇತಿಹಾಸ. ಸೈನ್ಯದ .303 ಗುಂಡು ಜನರ ಕೈಗೆ ಸಿಗಬಾರದೆಂದು ಬ್ರಿಟಿಷ್ ಸರ್ಕಾರ ತಡೆಹಾಕಿದ್ದರಿಂದ, ಆಸ್ಟ್ರಿಯಾದ ಮ್ಯಾನ್ಲಿಖರ್ ರೈಫಲಿನ 8 ಮಿ.ಮೀ. ಗುಂಡಿನ ವಂಶಕ್ಕೆ ಸೇರಿದ .315 ಇಲ್ಲಿ ನಾಗರಿಕರ ಪಾಲಿಗೆ ಬಂತು. ಸ್ವಾತಂತ್ರ್ಯಾನಂತರ ಪಶ್ಚಿಮ ಬಂಗಾಳದ ಇಷಾಪುರದ ಸರ್ಕಾರಿ ರೈಫಲ್ ಕಾರ್ಖಾನೆ ಲೀ-ಎನ್‌ಫೀಲ್ಡ್ ಮಾದರಿಯ ಬೋಲ್ಟ್ ಜೋಡಿಸಿ ಅದೇ ಗುಂಡಿನ ರೈಫಲ್ ತಯಾರಿಸಿತು. ಎಂಬತ್ತರ ದಶಕದ ನಡುವಿನಲ್ಲಿ ಸಾಮಾನ್ಯ ಪರವಾನಗಿದಾರರಿಗೆ ಬಂದೂಕಿನ ಆಮದು ನಿಂತಮೇಲೆ, ಹೊಸ ರೈಫಲ್ ಬೇಕೆಂದವರಿಗೆ ಹೆಚ್ಚುಕಡಿಮೆ ಅದೊಂದೇ ಗತಿ. ಒಂದೇ ಅಂಗಡಿಯ ಊರಿನಲ್ಲಿ ಆ ಅಂಗಡಿಯ ಅಕ್ಕಿಯನ್ನು ಹೊಗಳಿದ ಹಾಗೆ, ಈ ಹೊಗಳಿಕೆಯ ತೂಕ ಕಡಿಮೆ. ಆ ರೈಫಲ್ ಬಗ್ಗೆ ಕೇಳಿಬರುವ ದೂರುಗಳೂ ಗಮನಿಸತಕ್ಕವೇ: ಟ್ರಿಗರ್ ಬಿಗಿ, ಕಟ್ಟಿಗೆಯ ಕೆಲಸ ಒರಟು, ಒಂದು ಪೆಟ್ಟಿಗೆಯ ತೋಟಾ ಇನ್ನೊಂದರಂತೆ ಹೊಡೆಯುವುದಿಲ್ಲ. ಇಷ್ಟು ಕಡಿಮೆ ಗುಂಡು ಹಾರಿಸಿದವರಿಗೂ ಈ ದೋಷಗಳು ಕಂಡಿವೆ ಎಂದರೆ ಅವು ಸಣ್ಣವಲ್ಲ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಕಾಲದ ಹುಲಿಬೇಟೆಗಳಿಗೆ ಬಂದಂಥ ಇಂಗ್ಲೆಂಡಿನ ರೈಫಲುಗಳಲ್ಲಿ ಕೆಲವು ನೂರು ವರ್ಷ ದಾಟಿದರೂ ಇಂದಿಗೂ ಸುಸ್ಥಿತಿಯಲ್ಲಿವೆಯಲ್ಲ, ಅದು ಗುಣಮಟ್ಟದ ಸಾಕ್ಷಿಯಲ್ಲವೇ? ಭಾಗಶಃ ಹೌದು. ಆ ರೈಫಲುಗಳನ್ನು ಕೈಕೆಲಸದಲ್ಲಿ ನುರಿತವರು ಒಂದೊಂದಾಗಿ ತಿದ್ದಿ ಮಾಡಿದ್ದರು, ಮಾಲೀಕರ ಬಳಿ ಅವನ್ನು ಒರೆಸಿ ಎಣ್ಣೆ ಹಚ್ಚಲೆಂದೇ ಆಳುಗಳಿದ್ದರು. ಆದರೆ ಇಂದು ನಮ್ಮ ಕಣ್ಣಿಗೆ ಬೀಳುತ್ತಿರುವುದು ಉಳಿದುಕೊಂಡವು ಮಾತ್ರ. ನಳಿಗೆ ಸೀಳಿದವು, ತುಕ್ಕು ತಿಂದವು ಯಾವ ಬೀರುವಿನಲ್ಲೂ ಇಲ್ಲ. ಇನ್ನು ಅವುಗಳ ಮೇಲಿನ ಪ್ರೂಫ್ ಮುದ್ರೆ. ಲಂಡನ್, ಬರ್ಮಿಂಗ್‌ಹ್ಯಾಮ್‌ಗಳ ಪ್ರೂಫ್ ಹೌಸುಗಳಲ್ಲಿ ಮಾಮೂಲಿಗಿಂತ ಹೆಚ್ಚಿನ ಒತ್ತಡದ ಗುಂಡು ಹಾರಿಸಿ, ನಳಿಗೆ ತಾಳಿಕೊಂಡರೆ ಮುದ್ರೆ ಒತ್ತುತ್ತಾರೆ. ನಳಿಗೆ ಕೈಯಲ್ಲಿ ಸಿಡಿಯುವುದಿಲ್ಲ ಎಂಬುದಕ್ಕೆ ಅದು ಪ್ರಮಾಣ. ಗುರಿಗೆ ಸರಿಯಾಗಿ ಹೊಡೆಯುತ್ತದೆ, ಸಾವಿರ ಗುಂಡಿನ ನಂತರವೂ ಹಾಗೇ ಇರುತ್ತದೆ ಎಂದು ಆ ಮುದ್ರೆ ಎಲ್ಲೂ ಹೇಳುವುದಿಲ್ಲ. ಇದು ಹೈದರಾಬಾದಿಗಷ್ಟೇ ಸಂಬಂಧಿಸಿದ ಮಾತಲ್ಲ. ಅದೇ ನಿಜಾಮರ ಆಳ್ವಿಕೆಗೆ ಸೇರಿದ್ದ ಕಲಬುರಗಿ, ಬೀದರ್, ರಾಯಚೂರಿನ ಹಳೆಯ ಮನೆಗಳಿಗೂ, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸುವ ಕೊಡಗಿನ ಮನೆಗಳಿಗೂ ಅನ್ವಯಿಸುತ್ತದೆ. ಕೋವಿಯ ಮೇಲಿನ ಆ ಗೌರವಕ್ಕೆ ನನ್ನ ತಕರಾರಿಲ್ಲ. ಆದರೆ ಗೌರವವನ್ನು ಪರೀಕ್ಷೆಯ ಜಾಗದಲ್ಲಿ ಕೂರಿಸಬಾರದು.

ಈಗ ರೇಂಜಿನವರ ಕಡೆ ಬರೋಣ. ಹೈದರಾಬಾದಿನಲ್ಲಿ ಈ ಕ್ರೀಡೆಯ ಹೆಸರು ಮನೆಮನೆಗೆ ಮುಟ್ಟಿದ್ದು ಗಗನ್ ನಾರಂಗ್ ಅವರಿಂದ. 1997ರಲ್ಲಿ ತಂದೆ ಕೊಡಿಸಿದ ಏರ್ ಪಿಸ್ತೂಲಿನಿಂದ ಬೇಗಂಪೇಟೆಯ ಮನೆಯ ಹಿತ್ತಲಲ್ಲಿ ಅಭ್ಯಾಸ ಶುರುಮಾಡಿದ ಹುಡುಗ, 2003ರಲ್ಲಿ ತನ್ನೂರಲ್ಲೇ ನಡೆದ ಆಫ್ರೋ-ಏಷ್ಯನ್ ಕ್ರೀಡಾಕೂಟದ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದರು, 2012ರಲ್ಲಿ ಲಂಡನ್ ಒಲಿಂಪಿಕ್ಸ್‌ನ ಕಂಚು ತಂದರು. ಮಗನಿಗೆ ಒಳ್ಳೆಯ ರೈಫಲ್ ಕೊಡಿಸಲು ಆ ಕುಟುಂಬ ನಿವೇಶನ ಮಾರಿದ ಸಂಗತಿ ಪತ್ರಿಕೆಗಳಲ್ಲಿ ಹಲವು ಸಲ ಬಂದಿದೆ. ನಿವೇಶನ ಮಾರಿ ಅವರು ಕೊಂಡದ್ದಾದರೂ ಏನನ್ನು? ಗುರಿಯ ಹಲಗೆಯನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಹತ್ತು ಮೀಟರ್ ದೂರದ ಆ ಗುರಿಯ ನಡುವಿನ ಚುಕ್ಕೆಯ ವ್ಯಾಸ ಬರೀ 0.5 ಮಿ.ಮೀ.; ಪೆಲೆಟ್ಟಿನ ವ್ಯಾಸ 4.5 ಮಿ.ಮೀ. ಪೆಲೆಟ್ಟಿನ ಅಂಚು ಆ ಚುಕ್ಕೆಗೆ ತಾಗಿದರೆ 10.0. ಅಲ್ಲಿಂದ ಪೆಲೆಟ್ಟಿನ ನಡುಬಿಂದು ಗುರಿಯ ಕೇಂದ್ರಕ್ಕೆ ಕಾಲು ಮಿಲಿಮೀಟರ್ ಹತ್ತಿರವಾದಂತೆಲ್ಲ 0.1 ಅಂಕ ಏರುತ್ತದೆ, ಗರಿಷ್ಠ 10.9. ಲಂಡನ್ನಿನಲ್ಲಿ ಬೆಳ್ಳಿ ಗೆದ್ದ ಇಟಲಿಯ ಕಾಂಪ್ರಿಯಾನಿಯ ಮೊತ್ತ 701.5, ನಾರಂಗ್ ಅವರದು 701.1. ನಡುವಿನ ಅಂತರ 0.4. ದಶಮಾಂಶದ ಅಳತೆಯಲ್ಲಿ, ಒಂದೇ ಒಂದು ಪೆಲೆಟ್ ಒಂದು ಮಿಲಿಮೀಟರ್ ಸರಿದರೆ ಕಳೆದುಹೋಗುವಷ್ಟು. ಈ ಆಟದಲ್ಲಿ ರೈಫಲ್ ತಾನಾಗಿ ಅರ್ಧ ಮಿಲಿಮೀಟರ್ ಅತ್ತಿತ್ತ ಎಸೆದರೂ ಆ ನಷ್ಟ ಶೂಟರ್‌ನ ಲೆಕ್ಕಕ್ಕೇ ಬೀಳುತ್ತದೆ. ಆ ಮನೆಯವರು ಕೊಂಡದ್ದು ಪ್ರತಿ ಸಲವೂ ಒಂದೇ ರೀತಿ ಹೊಡೆಯುವ ಗುಣವನ್ನು.

ರೇಂಜಿನವರ ದೂರುಗಳಿಗೆ ನಿಖರತೆ ಬರುವುದು ಇಲ್ಲಿಂದಲೇ. ಒಂದು ಅರ್ಹತಾ ಸುತ್ತಿಗೆ 60 ಗುಂಡು, ಅದಕ್ಕೆ ಮುಂಚಿನ ಅಭ್ಯಾಸದ ಗುಂಡುಗಳು ಬೇರೆ. ದಿನಾ ಅಭ್ಯಾಸ ಮಾಡುವವರ ಲೆಕ್ಕ ವರ್ಷಕ್ಕೆ ಹತ್ತಾರು ಸಾವಿರಕ್ಕೆ ಹೋಗುತ್ತದೆ. ‘ಮೊದಲ ಪೆಲೆಟ್ ಮೇಲಕ್ಕೆ ಹೋಗುತ್ತದೆ’ ಎಂಬ ದೂರನ್ನೇ ತೆಗೆದುಕೊಳ್ಳಿ. ಈಗಿನ ಸ್ಪರ್ಧಾ ರೈಫಲ್ಲಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ಇರುತ್ತದೆ. ರೆಗ್ಯುಲೇಟರ್ ಅದನ್ನು ಇಳಿಸಿ ಪ್ರತಿ ಗುಂಡಿಗೂ ಒಂದೇ ಅಳತೆಯಲ್ಲಿ ಬಿಡಬೇಕು. ರೆಗ್ಯುಲೇಟರಿನ ಸೀಟು ಸವೆದಿದ್ದರೆ, ರೈಫಲ್ ಸುಮ್ಮನಿದ್ದ ಹೊತ್ತಿನಲ್ಲಿ ಗಾಳಿ ಸ್ವಲ್ಪಸ್ವಲ್ಪವಾಗಿ ಮುಂದಿನ ಕೋಣೆಗೆ ಜಿನುಗಿ ಒತ್ತಡ ಏರುತ್ತದೆ. ವಿರಾಮದ ನಂತರದ ಮೊದಲ ಪೆಲೆಟ್ ಹೆಚ್ಚು ವೇಗದಲ್ಲಿ ಹೋಗುತ್ತದೆ, ಎರಡನೆಯದರಿಂದ ಎಲ್ಲ ಸರಿ. ಬೀರುವಿನ ರೈಫಲಿನ ಮಾಲೀಕರಿಗೆ ಇಂಥ ದೋಷ ಎಂದೂ ಕಾಣಿಸದು. ಎರಡು ಗುಂಡು ಬೇರೆಬೇರೆ ಕಡೆ ಹೋದರೆ ಕೈ ನಡುಗಿತು ಎಂದುಕೊಳ್ಳುತ್ತಾರೆ. ಇನ್ನು ಮಳೆಗಾಲದ ತೇವದ ಗಾಳಿಯನ್ನು ಒಣಗಿಸದೆ ಪಂಪಿನಿಂದ ಸಿಲಿಂಡರಿಗೆ ತುಂಬಿದರೆ ಒಳಗೆ ನೀರು ಕೂಡಿ ವಾಲ್ವ್ ಹಾಳಾಗುತ್ತದೆ. ಆ ಸೋರಿಕೆ ಕಾರ್ಖಾನೆಯ ತಪ್ಪಲ್ಲ. ಪೆಲೆಟ್ಟಿನ ತಲೆಯ ಅಳತೆ 4.49, 4.50, 4.51 ಎಂದು ಬೇರೆಬೇರೆಯಾಗಿ ಬರುತ್ತದೆ. ಯಾವ ನಳಿಗೆಗೆ ಯಾವುದು ಹೊಂದುತ್ತದೆ ಎಂಬುದನ್ನು ರೈಫಲನ್ನು ಹಿಡಿಕೆಯಲ್ಲಿ ಅಲುಗದಂತೆ ಬಿಗಿದು ಹೊಡೆದೇ ತಿಳಿಯಬೇಕು. 50 ಮೀಟರ್ .22 ರೈಫಲಿನವರಂತೂ ಒಂದೇ ಕಂಪನಿಯ ಒಂದೇ ಹೆಸರಿನ ಗುಂಡಿನಲ್ಲಿ ಬೇರೆಬೇರೆ ಲಾಟ್‌ಗಳನ್ನು ಪರೀಕ್ಷಿಸಿ, ಹೊಂದಿದ ಲಾಟನ್ನೇ ಒಟ್ಟಾಗಿ ಕೊಳ್ಳುತ್ತಾರೆ. ಇಂಗ್ಲೆಂಡಿನ ಈಲಿ, ಫಿನ್ಲೆಂಡಿನ ಲಾಪುವಾ ಕಂಪನಿಗಳು ಇದಕ್ಕೆಂದೇ ಪರೀಕ್ಷಾ ರೇಂಜುಗಳನ್ನು ಇಟ್ಟಿವೆ. ಹೀಗೆ ದೂರನ್ನು ಬಿಡಿಸುತ್ತಾ ಹೋದಾಗ ಮಾತ್ರ ರೈಫಲಿನ ದೋಷ ಎಷ್ಟು, ಗುಂಡಿನದೆಷ್ಟು, ಬಳಸುವವರದೆಷ್ಟು ಎಂಬುದು ಬೇರ್ಪಡುತ್ತದೆ.

ಕೈಚಳಕದ ಮುಂದೆ ರೈಫಲ್ ಯಾವ ಲೆಕ್ಕ ಎನ್ನುವವರಿದ್ದಾರೆ. ಕಲಿಯುವ ಹಂತದಲ್ಲಿ ಅವರ ಮಾತು ಸರಿ; ಗುಂಡುಗಳು ಹಲಗೆಯ ತುಂಬಾ ಚೆದುರುತ್ತಿರುವಾಗ ಲಕ್ಷಾಂತರದ ರೈಫಲಿನಿಂದ ಲಾಭವಿಲ್ಲ, ಕ್ಲಬ್ಬಿನ ರೈಫಲ್ ಸಾಕು. ಮೇಲಿನ ಹಂತದಲ್ಲಿ ಆ ಮಾತು ನಿಲ್ಲುವುದಿಲ್ಲ. 2021ರ ಜುಲೈ 25ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಏರ್ ಪಿಸ್ತೂಲು ಸ್ಪರ್ಧೆಯ ನಡುವೆ ಕೆಟ್ಟಿತು. ದುರಸ್ತಿಗೆ ಕಾಲು ಗಂಟೆಗೂ ಹೆಚ್ಚು ಹೊತ್ತು ಹೋಯಿತು, ಉಳಿದ ಗುಂಡುಗಳನ್ನು ಅವಸರದಲ್ಲಿ ಮುಗಿಸಬೇಕಾಯಿತು. ಮೊತ್ತ 575, ಎರಡು ಅಂಕದಲ್ಲಿ ಫೈನಲ್ ತಪ್ಪಿತು. ಅದೇ ಕೈಗಳು 2024ರಲ್ಲಿ ಪ್ಯಾರಿಸ್ಸಿನಿಂದ ಎರಡು ಕಂಚು ತಂದವು. ಕೈಚಳಕಕ್ಕೆ ಕೊರತೆ ಇರಲಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ಹಾಗಾದರೆ ದುಬಾರಿ ಉಪಕರಣವೂ ಕೈಕೊಡುತ್ತದಲ್ಲ, ಹಣ ಸುರಿದು ಫಲವೇನು ಎಂದು ಕೇಳಬಹುದು. ಯಾವ ಯಂತ್ರವೂ ಎಂದೂ ಕೆಡುವುದೇ ಇಲ್ಲ ಎನ್ನಲಾಗದು. ಭರವಸೆ ಎಂದರೆ ಎಷ್ಟು ಅಪರೂಪಕ್ಕೆ ಕೆಡುತ್ತದೆ, ಕೆಟ್ಟಾಗ ಎಷ್ಟು ಬೇಗ ಸರಿಯಾಗುತ್ತದೆ ಎಂಬ ಎರಡೂ ಸೇರಿದ ಲೆಕ್ಕ. ಭಾರತದ ಮಾಲೀಕರು ಸೋಲುವುದು ಹೆಚ್ಚಾಗಿ ಎರಡನೆಯದರಲ್ಲಿ. ಬಿಡಿಭಾಗ ಹೊರದೇಶದಿಂದ ಬರಬೇಕು, ಬಿಚ್ಚಿ ಜೋಡಿಸಬಲ್ಲವರು ಬೆರಳೆಣಿಕೆಯವರು.

.315ನ್ನು ಒಲಿಂಪಿಕ್ಸ್‌ ರೈಫಲಿನ ಪಕ್ಕದಲ್ಲಿ ನಿಲ್ಲಿಸುವುದೇ ಅನ್ಯಾಯ, ಅದರ ಕೆಲಸವೇ ಬೇರೆ ಎಂಬ ಮಾತೂ ಇದೆ. ಕೆಲಸ ಬೇರೆ, ಒಪ್ಪುತ್ತೇನೆ. ತೋಟ ಕಾಯುವ ರೈಫಲಿಗೆ ಮಿಲಿಮೀಟರಿನ ಲೆಕ್ಕ ಬೇಡ. ಆದರೆ ಪರೀಕ್ಷೆಯ ದಾಖಲೆ ಕೇಳುವ ಹಕ್ಕು ಎರಡೂ ಬಗೆಯ ಮಾಲೀಕರಿಗೆ ಸಮಾನ. ಜರ್ಮನಿಯ ಫೈನ್‌ವೆರ್ಕ್‌ಬೌ, ವಾಲ್ಟರ್, ಆನ್‌ಶುಟ್ಸ್ ಕಂಪನಿಗಳ ಸ್ಪರ್ಧಾ ರೈಫಲುಗಳ ಜೊತೆಗೆ ಅದೇ ನಳಿಗೆಯಿಂದ ಹೊಡೆದ ಪರೀಕ್ಷಾ ಕಾಗದ ಬರುತ್ತದೆ. 2021ರ ಅಕ್ಟೋಬರ್ 1ರಿಂದ ನಮ್ಮ ಸರ್ಕಾರಿ ಆಯುಧ ಕಾರ್ಖಾನೆಗಳು ಏಳು ಕಂಪನಿಗಳಾಗಿವೆ. ಇಷಾಪುರದ ರೈಫಲ್ ಕಾರ್ಖಾನೆ ಕಾನ್ಪುರದ ಅಡ್ವಾನ್ಸ್‌ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್‌ಗೆ ಸೇರಿದೆ. ಕಂಪನಿಯಾದ ಮೇಲೆ ಗ್ರಾಹಕನಿಗೆ ಕಂಪನಿಯಂತೆಯೇ ಉತ್ತರ ಕೊಡಬೇಕು. ಎಷ್ಟು ಗುಂಡಿನ ಪರೀಕ್ಷೆಯಲ್ಲಿ ಎಷ್ಟು ತಪ್ಪಿದವು, ಯಾವ ದೂರಕ್ಕೆ ಎಷ್ಟು ಹರಡಿದವು ಎಂಬುದನ್ನು ಮುದ್ರಿಸಿ ಪ್ರತಿ ರೈಫಲಿನ ಜೊತೆ ಕೊಡುವುದಕ್ಕೆ ದೊಡ್ಡ ಖರ್ಚೇನೂ ಬೀಳುವುದಿಲ್ಲ.

ಅದು ಬರುವ ತನಕ ಕೊಳ್ಳುವವರು ತಮ್ಮ ಕಡೆಯ ಎಚ್ಚರವನ್ನು ತಾವೇ ವಹಿಸಬೇಕು. ಬಳಸಿದ ಸ್ಪರ್ಧಾ ರೈಫಲ್ ಕೊಳ್ಳುವಾಗ ಶೂಟರ್‌ನ ಡೈರಿ ಕೇಳಿ. ಒಳ್ಳೆಯ ಶೂಟರ್‌ಗಳು ಗುಂಡಿನ ಲೆಕ್ಕ, ಸೀಲ್ ಬದಲಿಸಿದ ದಿನ ಎಲ್ಲವನ್ನೂ ಬರೆದಿಟ್ಟಿರುತ್ತಾರೆ. ಮೂರು ಗುಂಡು ಒಂದೇ ತೂತಿನಲ್ಲಿ ಹೋದ ಕಾಗದ ತೋರಿಸಿದರೆ ಮರುಳಾಗಬೇಡಿ, ಅದೃಷ್ಟದಿಂದಲೂ ಹಾಗಾಗುತ್ತದೆ. ಹತ್ತು ಗುಂಡಿನ ಕಾಗದಗಳು ನಾಲ್ಕಾರು ಇರಲಿ. ಅರ್ಧ ಗಂಟೆ ಸುಮ್ಮನಿಟ್ಟು ಮೊದಲ ಪೆಲೆಟ್ ಎಲ್ಲಿ ಬೀಳುತ್ತದೆಂದು ನೋಡಿ. ಮರೆಯದೆ ಸಿಲಿಂಡರಿನ ಮೇಲೆ ಒತ್ತಿದ ದಿನಾಂಕ ಓದಿ. ಅಂತರರಾಷ್ಟ್ರೀಯ ನಿಯಮದಂತೆ ಗಾಳಿ ಸಿಲಿಂಡರಿನ ಆಯುಸ್ಸು ಹೆಚ್ಚೆಂದರೆ 10 ವರ್ಷ. ಅದು ದಾಟಿದ್ದರೆ ರೈಫಲ್ ಎಷ್ಟೇ ಚೆನ್ನಾಗಿದ್ದರೂ ಸ್ಪರ್ಧೆಗೆ ಇಳಿಸುವಂತಿಲ್ಲ, ಹೊಸ ಸಿಲಿಂಡರಿನ ಬೆಲೆಯನ್ನು ಕಳೆದೇ ಚೌಕಾಸಿ ಮಾಡಿ.